ಮೊನೆಯ ಸೂರ್ಯಕಾಂತಿಗೆ ಬೆಳಕು ಎಲ್ಲಿಂದ?

ಸೂರ್ಯಕಾಂತಿ ಎಂದೊಡನೆ ನೆನಪಾಗುವುದು ವ್ಯಾನ್ ಗೋ. ಅವನು ಆರ್ಲ್‌ನಲ್ಲಿ ಆ ಹೂಗಳನ್ನು ಬರೆದದ್ದು 1888ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1881ರಲ್ಲಿ, ಕ್ಲೋದ್ ಮೊನೆ ತನ್ನ ವೆತೊಯ್ ತೋಟದ ಸೂರ್ಯಕಾಂತಿಗಳನ್ನು ಬರೆದಿದ್ದ. ಸುಮಾರು ಒಂದು ಮೀಟರ್ ಎತ್ತರದ ಆ ಕ್ಯಾನ್ವಾಸ್ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಇಂಪ್ರೆಷನಿಸ್ಟರು ಸ್ಟುಡಿಯೊ ಬಿಟ್ಟು ಬಯಲಿಗೆ ಹೋದರು, ಬಿಸಿಲನ್ನು ಹಿಡಿದರು ಎಂದು ನಾವೆಲ್ಲ ಓದಿದ್ದೇವೆ. ಈ ಚಿತ್ರ ಆ ಮಾತಿಗೆ ಸುಲಭವಾಗಿ ಒಗ್ಗುವುದಿಲ್ಲ. ಇಲ್ಲಿರುವುದು ಕೊಯ್ದು ತಂದ ಹೂ, ಜಪಾನೀ ಹೂದಾನಿ, ಮೇಜಿಗೆ ಹಾಸಿದ ಕೆಂಪು ಬಟ್ಟೆ. ಕಿಟಕಿ ಕಾಣುವುದಿಲ್ಲ, ಬಿಸಿಲಕೋಲೂ ಇಲ್ಲ. ಆದರೂ ಹೂಗಳು ಉರಿಯುವಂತಿವೆ. ಹಾಗಾದರೆ ಬೆಳಕು ಎಲ್ಲಿಂದ ಬಂತು?

ಹಿಂದಿನ ಗೋಡೆಯನ್ನು ನೋಡಿ. ಅದು ನೀಲಿ, ಬೂದು, ತಿಳಿನೇರಳೆ ಬೆರೆತ ತಣ್ಣಗಿನ ಬಣ್ಣ. ಹಳದಿಯ ಎದುರು ಬಣ್ಣ ನೇರಳೆ. ಪಕ್ಕಪಕ್ಕದಲ್ಲಿಟ್ಟರೆ ಎರಡೂ ಇನ್ನಷ್ಟು ಕಾಂತಿ ಪಡೆಯುತ್ತವೆ. ಕೆಳಗೆ ಎಲೆಗಳ ಹಸಿರಿಗೂ ಬಟ್ಟೆಯ ಕೆಂಪಿಗೂ ಅದೇ ನಂಟು. ಆ ಕೆಂಪು ತುಸು ಅಬ್ಬರದ್ದು ಎನ್ನಿಸಬಹುದು. ಅದನ್ನು ಅಂಗೈಯಿಂದ ಮುಚ್ಚಿ ನೋಡಿದರೆ ಎಲೆಗಳು ಮಂಕಾಗುವುದು ತಿಳಿಯುತ್ತದೆ. ಅಂದರೆ ಬೆಳಕು ಹೊರಗಿನಿಂದ ಹೂವಿನ ಮೇಲೆ ಬಿದ್ದದ್ದಲ್ಲ, ಬಣ್ಣಗಳ ನಡುವೆ ಹುಟ್ಟಿದ್ದು.

ಕುಂಚದ ಕೆಲಸವಂತೂ ಬಿಡುಬೀಸು. ದಳಕ್ಕೆ ಮೊದಲು ಗೆರೆ ಎಳೆದು ಆಮೇಲೆ ಬಣ್ಣ ತುಂಬುವ ರೀತಿ ಇದಲ್ಲ. ಕುಂಚ ಸಾಗಿದ ದಾರಿಯೇ ದಳದ ಆಕಾರ. ಎಲೆಗಳಲ್ಲಿ ಕೈ ಇನ್ನೂ ಚುರುಕು: ತಿರುಚಿ, ಮಡಿಸಿ, ಜೋತುಬಿದ್ದು ಅವು ಹೂಗಳಿಗಿಂತ ಹೆಚ್ಚು ಜೀವಂತವಾಗಿವೆ. ನನ್ನ ಮಟ್ಟಿಗೆ ಚಿತ್ರದ ನಿಜವಾದ ಸಾಹಸ ಈ ಎಲೆಗಳಲ್ಲಿದೆ. ಹೂದಾನಿಗೆ ಮೊನೆ ಅಷ್ಟು ಮನಸ್ಸು ಕೊಟ್ಟಂತಿಲ್ಲ. 1882ರ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ವಿಮರ್ಶಕರು ಮೆಚ್ಚಿದ್ದೂ ಈ ದಿಟ್ಟ ಕೈಯನ್ನೇ.

ಮೊನೆಯ ಸೂರ್ಯಕಾಂತಿಗಿಂತ ನಿನ್ನದೇ ಚೆನ್ನ ಎಂದು ಗೋಗ್ಯಾಂ ಹೇಳಿದ್ದನ್ನು ವ್ಯಾನ್ ಗೋ 1888ರ ನವೆಂಬರಿನ ಪತ್ರವೊಂದರಲ್ಲಿ ಬರೆದಿದ್ದಾನೆ. ತಾನು ಒಪ್ಪುವುದಿಲ್ಲವೆಂದೂ ಸೇರಿಸಿದ್ದಾನೆ. ಅದನ್ನು ಬರೀ ವಿನಯ ಎಂದು ತಳ್ಳಿಹಾಕಬೇಕಿಲ್ಲ. ಆರ್ಲ್‌ನ ಒಂದು ಚಿತ್ರದಲ್ಲಿ ಅವನು ಹಳದಿ ಹೂವನ್ನು ಹಳದಿ ಗೋಡೆಗೇ ಒರಗಿಸಿದ. ಎದುರು ಬಣ್ಣದ ಆಸರೆಯನ್ನೇ ಕೈಬಿಟ್ಟ. ಮೊನೆಯ ಹಳದಿಗೆ ಆ ನೇರಳೆ ಬೇಕೇ ಬೇಕು.