ಕದ್ದು ನೋಡಿದ್ದರಿಂದ ದಕ್ಕಿದ್ದೇನು?

ಎದುರಾಳಿಯನ್ನು ಅಭ್ಯಾಸ ಮಾಡದೆ ದೊಡ್ಡ ಟೂರ್ನಿಗೆ ಹೋಗುವ ಕೋಚ್ ತನ್ನ ಆಟಗಾರರಿಗೆ ಅನ್ಯಾಯ ಮಾಡುತ್ತಾನೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿನಲ್ಲಿ ಕೆನಡಾ ಮಹಿಳಾ ಫುಟ್‌ಬಾಲ್ ತಂಡದ ಡ್ರೋನ್ ಹಗರಣ ಬಯಲಾದಾಗ ಇಲ್ಲಿ ಟೊರಾಂಟೊ ಬಳಿಯ ಜಾರ್ಜ್‌ಟೌನ್‌ನಲ್ಲಿ, ಪಕ್ಕದ ಬ್ರ್ಯಾಂಪ್ಟನ್ ಮತ್ತು ಮಿಲ್ಟನ್‌ನ ನಮ್ಮವರ ಮನೆಗಳಲ್ಲಿ, ಎರಡು ಬಗೆಯ ಮಾತು ಕೇಳಿಬಂತು. ಎದುರಾಳಿಯ ಗುಟ್ಟು ಹುಡುಕುವುದೇ ತಪ್ಪು ಎಂದರು ಕೆಲವರು. ಎಲ್ಲರೂ ಮಾಡುತ್ತಾರೆ, ಇವರು ಸಿಕ್ಕಿಬಿದ್ದರು ಅಷ್ಟೆ ಎಂದರು ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಎರಡನೆಯದಂತೂ ಇವತ್ತಿಗೂ ಕೋಪ ತರಿಸುತ್ತದೆ.

ನಡೆದದ್ದು ಇಷ್ಟು. 2024ರ ಜುಲೈನಲ್ಲಿ, ಮೊದಲ ಪಂದ್ಯಕ್ಕೆ ಮೂರು ದಿನ ಇರುವಾಗ, ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ನ್ಯೂಜಿಲೆಂಡ್ ಮಹಿಳಾ ತಂಡ ಅಭ್ಯಾಸ ಮಾಡುತ್ತಿತ್ತು. ಮೈದಾನದ ಮೇಲೆ ಡ್ರೋನ್ ಹಾರುವುದು ಆ ತಂಡದ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಪೊಲೀಸರಿಗೆ ಹೇಳಿದರು. ಹಾರಿಸುತ್ತಿದ್ದವರು ಕೆನಡಾ ತಂಡದ ವಿಶ್ಲೇಷಕ ಜೋಸೆಫ್ ಲೊಂಬಾರ್ಡಿ. ಫ್ರಾನ್ಸಿನ ನ್ಯಾಯಾಲಯ ಅವರಿಗೆ ಎಂಟು ತಿಂಗಳ ಅಮಾನತು ಸಜೆ ವಿಧಿಸಿತು. ಮುಖ್ಯ ಕೋಚ್ ಬೆವ್ ಪ್ರೀಸ್ಟ್‌ಮನ್ ಮೊದಲು ತಾವಾಗಿಯೇ ಒಂದು ಪಂದ್ಯದಿಂದ ಹಿಂದೆ ಸರಿದರು, ಆಮೇಲೆ ಅವರನ್ನು ಮನೆಗೆ ಕಳಿಸಲಾಯಿತು. ಜುಲೈ 27ರಂದು ಫಿಫಾ ಕೆನಡಾದ ಆರು ಪಾಯಿಂಟ್ ಕಡಿತ ಮಾಡಿತು, ದೇಶದ ಫುಟ್‌ಬಾಲ್ ಸಂಸ್ಥೆಯಾದ ಕೆನಡಾ ಸಾಕರ್‌ಗೆ 2 ಲಕ್ಷ ಸ್ವಿಸ್ ಫ್ರಾಂಕ್ ದಂಡ ಹಾಕಿತು. ಪ್ರೀಸ್ಟ್‌ಮನ್, ಲೊಂಬಾರ್ಡಿ, ಸಹಾಯಕ ಕೋಚ್ ಜಾಸ್ಮಿನ್ ಮ್ಯಾಂಡರ್ ಮೂವರಿಗೂ ಒಂದು ವರ್ಷದ ನಿಷೇಧ. ಪಾಯಿಂಟ್ ಕಡಿತದ ವಿರುದ್ಧ ಹೋದ ಮೇಲ್ಮನವಿಯನ್ನು ಕ್ರೀಡಾ ನ್ಯಾಯಮಂಡಳಿ ನಾಲ್ಕೇ ದಿನದಲ್ಲಿ ತಳ್ಳಿಹಾಕಿತು.

ಇದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ತಂಡ. ನಮ್ಮ ಮಕ್ಕಳು ಎದ್ದು ಕೂತು ನೋಡಿದ್ದ ತಂಡ. ನೋವು ಅದಕ್ಕೇ ಹೆಚ್ಚು.

ಎದುರಾಳಿಯನ್ನು ಓದುವ ಸ್ಕೌಟಿಂಗ್ ಎಂಬ ಕೆಲಸದ ಬೆಲೆ ಗೊತ್ತಿದ್ದರೆ ಮಾತ್ರ ಅದನ್ನು ಕೆಡಿಸಿದ ಬಗೆ ಅರ್ಥವಾಗುತ್ತದೆ. ಬೇಸಿಗೆಯ ಸಂಜೆ ಜಾರ್ಜ್‌ಟೌನ್‌ನ ಯಾವ ಪಾರ್ಕಿಗೆ ಹೋದರೂ ಇದರ ಸಣ್ಣ ರೂಪ ಕಾಣುತ್ತದೆ. ಹನ್ನೆರಡು ವರ್ಷದ ಹುಡುಗಿಯರ ಪಂದ್ಯ ನಡೆಯುತ್ತಿರುತ್ತದೆ, ಮುಂದಿನ ವಾರ ಅವರನ್ನು ಎದುರಿಸಬೇಕಾದ ಕೋಚ್ ಗೆರೆಯಾಚೆ ನೋಟ್‌ಬುಕ್ ಹಿಡಿದು ನಿಂತಿರುತ್ತಾರೆ. ಯಾವ ಹುಡುಗಿ ಎಡಗಾಲಿಗೆ ಚೆಂಡು ಬಂದರೆ ತಬ್ಬಿಬ್ಬಾಗುತ್ತಾಳೆ, ಗೋಲ್‌ಕೀಪರ್ ಕಾರ್ನರ್ ಕಿಕ್ ಬಂದಾಗ ಗೆರೆ ಬಿಟ್ಟು ಎಷ್ಟು ಮುಂದೆ ಬರುತ್ತಾಳೆ, ಸೋಲುತ್ತಿರುವಾಗ ಯಾರು ಯಾರ ಮೇಲೆ ಕೂಗುತ್ತಾರೆ. ಎಲ್ಲವೂ ಬಟ್ಟಬಯಲಿನಲ್ಲಿ. ಆ ತಂಡದ ಅಪ್ಪ ಅಮ್ಮಂದಿರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಯಾರೂ ಆಕ್ಷೇಪಿಸುವುದಿಲ್ಲ, ಆಕ್ಷೇಪಿಸಲು ಅಲ್ಲಿ ಏನೂ ಇಲ್ಲ.

ದೇಶದ ತಂಡದ ಮಟ್ಟದಲ್ಲಿ ಇದೇ ಕೆಲಸ ಇನ್ನೂ ಆಳಕ್ಕೆ ಇಳಿಯುತ್ತದೆ. 2014ರ ವಿಶ್ವಕಪ್‌ಗೆ ಮುನ್ನ ಕಲೋನ್‌ನ ಕ್ರೀಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೊಂದು ಜರ್ಮನಿಗಾಗಿ ಎದುರಾಳಿಗಳ ಪಂದ್ಯಗಳನ್ನೂ ಅವರ ಬಗ್ಗೆ ಬಂದ ಪತ್ರಿಕಾ ವರದಿಗಳನ್ನೂ ಜಾಲಾಡಿತ್ತು. ಜರ್ಮನಿ ಕಪ್ ಎತ್ತಿತು. ವಿದ್ಯಾರ್ಥಿಗಳಿಂದಲೇ ಗೆದ್ದರು ಎಂದು ಹೇಳಲಾರೆ, ಆದರೆ ಅವರು ನೋಡಿದ್ದೆಲ್ಲ ಲೋಕಕ್ಕೆ ಕಾಣುವಂತೆ ಇದ್ದದ್ದೇ. ಕಾಣುವುದರಲ್ಲಿ ಕಾಣದ್ದನ್ನು ಹೆಕ್ಕುವುದು ಅವರ ವಿದ್ಯೆ. ಒಂದು ತಂಡ ಚೆಂಡು ಕಳೆದುಕೊಂಡ ಮೊದಲ ಐದು ಸೆಕೆಂಡಿನಲ್ಲಿ ಯಾವ ದಿಕ್ಕಿಗೆ ಓಡುತ್ತದೆ, ಬಲ ಬದಿಯ ರಕ್ಷಕ ಮೇಲೆ ಹೋದಾಗ ಅವನು ಬಿಟ್ಟ ಜಾಗವನ್ನು ಯಾರು ತುಂಬುತ್ತಾರೆ, ತುಂಬಲು ಎಷ್ಟು ತಡ ಮಾಡುತ್ತಾರೆ. ಇಂಥದ್ದು ಒಂದು ಪಂದ್ಯ ನೋಡಿದರೆ ತಿಳಿಯುವುದಿಲ್ಲ. ಹತ್ತಾರು ಪಂದ್ಯ ನೋಡಿ, ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿ, ಆಕಸ್ಮಿಕ ಯಾವುದು, ಚಾಳಿ ಯಾವುದು ಎಂದು ಬೇರ್ಪಡಿಸಬೇಕು.

2006ರ ವಿಶ್ವಕಪ್‌ನ ಬರ್ಲಿನ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯ ಗೋಲ್‌ಕೀಪರ್ ಯೆನ್ಸ್ ಲೆಹ್ಮನ್ ಕಾಲುಚೀಲದಿಂದ ತೆಗೆದು ನೋಡುತ್ತಿದ್ದ ಚೀಟಿಯನ್ನು ನೆನೆಯಿರಿ. ಹೋಟೆಲಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಅರ್ಜೆಂಟೀನಾದ ಏಳು ಆಟಗಾರರ ಹೆಸರು, ಅವರು ಪೆನಾಲ್ಟಿ ಒದೆಯುವ ಬಗೆ. ಗೋಲ್‌ಕೀಪಿಂಗ್ ಕೋಚ್ ಆಂಡ್ರಿಯಾಸ್ ಕೋಪ್ಕೆ ಕೊಟ್ಟದ್ದು. ಶೂಟೌಟ್‌ಗೆ ಬಂದವರಲ್ಲಿ ಆ ಪಟ್ಟಿಯಲ್ಲಿದ್ದವರು ಇಬ್ಬರೇ, ಅಯಾಲಾ ಮತ್ತು ಮ್ಯಾಕ್ಸಿ ರೊಡ್ರಿಗಸ್. ಕೊನೆಗೆ ಬಂದ ಕಂಬಿಯಾಸೊ ಹೆಸರು ಚೀಟಿಯಲ್ಲಿ ಇರಲೇ ಇಲ್ಲ. ಲೆಹ್ಮನ್ ಆದರೂ ಅದನ್ನು ತೆಗೆದು ಓದಿದರು, ಕಂಬಿಯಾಸೊ ಅದನ್ನು ನೋಡುತ್ತ ನಿಂತರು, ಒದ್ದರು, ಲೆಹ್ಮನ್ ತಡೆದರು. ಆ ಚೀಟಿ ಇಂದು ಬಾನ್ ನಗರದ ವಸ್ತುಸಂಗ್ರಹಾಲಯ ಸೇರಿದೆ. ಸ್ಕೌಟಿಂಗ್‌ನ ಮಿತಿ, ಬಲ ಎರಡೂ ಆ ಒಂದು ಹಾಳೆಯಲ್ಲಿವೆ. ಮಾಹಿತಿ ಅರೆಬರೆ, ಆದರೆ ಅದನ್ನು ಹಿಡಿದವನ ಧೈರ್ಯ ಪೂರ್ತಿ. ಆ ಧೈರ್ಯ ಬಂದದ್ದು ತನ್ನವರು ಕೂತು ಕಷ್ಟಪಟ್ಟು ಮಾಡಿದ ಕೆಲಸದಿಂದ.

ಮರೆಮಾಚುವುದೂ ಆಟದ ಹಕ್ಕೇ. 1954ರ ವಿಶ್ವಕಪ್‌ನ ಗುಂಪು ಹಂತದಲ್ಲಿ ಹಂಗೇರಿಯ ವಿರುದ್ಧ ಪಶ್ಚಿಮ ಜರ್ಮನಿಯ ಕೋಚ್ ಸೆಪ್ ಹೆರ್ಬರ್ಗರ್ ತಮ್ಮ ಮುಖ್ಯ ಆಟಗಾರರಲ್ಲಿ ಹಲವರನ್ನು ಹೊರಗಿಟ್ಟು 8-3ರಿಂದ ಸೋತರು. ಫೈನಲ್‌ನಲ್ಲಿ ಅದೇ ಹಂಗೇರಿಯನ್ನು 3-2ರಿಂದ ಸೋಲಿಸಿದರು. ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವ ಹಕ್ಕು ಇರುವುದರಿಂದಲೇ ತೆರೆದ ಮೈದಾನದ ಓದಿಗೆ ಬೆಲೆ. ನಮ್ಮ ಕುಸ್ತಿಯಲ್ಲೂ ಹೀಗೇ. ಜಾತ್ರೆಯ ಕಣದಲ್ಲಿ, ದಸರೆಯ ಅಖಾಡದಲ್ಲಿ ಎದುರಾಳಿಯ ಪಟ್ಟನ್ನು ಎಷ್ಟು ಬೇಕಾದರೂ ಕಣ್ಣಿಟ್ಟು ನೋಡಬಹುದು. ಅವನ ಗರಡಿಯ ಗೋಡೆಗೆ ಏಣಿ ಹಾಕುವಂತಿಲ್ಲ.

ಎಲ್ಲರೂ ಮಾಡುತ್ತಾರೆ ಎನ್ನುವವರು ಕೋಚ್ ಮಾರ್ಸೆಲೊ ಬಿಯೆಲ್ಸಾ ಹೆಸರು ತರುತ್ತಾರೆ. 2019ರ ಜನವರಿಯಲ್ಲಿ ಅವರ ಲೀಡ್ಸ್ ಕ್ಲಬ್ಬಿನ ಸಿಬ್ಬಂದಿಯೊಬ್ಬರು ಡಾರ್ಬಿ ತಂಡದ ಅಭ್ಯಾಸ ಮೈದಾನದ ಹೊರಗೆ ಸಿಕ್ಕಿಬಿದ್ದರು. ಬಿಯೆಲ್ಸಾ ಪತ್ರಕರ್ತರನ್ನು ಕರೆಸಿ, ಪರದೆಯ ಮೇಲೆ ಒಂದೊಂದೇ ತೋರಿಸಿ, ತಾವು ಡಾರ್ಬಿಯ ಹಿಂದಿನ ಋತುವಿನ 51 ಪಂದ್ಯಗಳನ್ನೂ ವಿಶ್ಲೇಷಿಸಿದ್ದನ್ನು ವಿವರಿಸಿದರು. ಒಂದೊಂದು ಪಂದ್ಯಕ್ಕೆ ನಾಲ್ಕು ಗಂಟೆ. ಅಭ್ಯಾಸವನ್ನು ಹೊರಗಿನಿಂದ ನೋಡುವ ಅಗತ್ಯವೇ ಇರಲಿಲ್ಲ, ಸಾಕಷ್ಟು ಕೆಲಸ ಮಾಡಿಲ್ಲವೆಂಬ ಅಪರಾಧಭಾವ ಕಾಡದಿರಲಿ, ಆತಂಕ ಕಡಿಮೆಯಾಗಲಿ ಎಂದು ಮಾಡುತ್ತೇನೆ ಎಂದರು. ಕ್ಲಬ್ಬಿಗೆ ಬಿದ್ದ 2 ಲಕ್ಷ ಪೌಂಡ್ ದಂಡವನ್ನು ತಾವೇ ಕಟ್ಟಿದರು. ಆಗ ಇಂಗ್ಲಿಷ್ ಲೀಗ್‌ನಲ್ಲಿ ಇದನ್ನು ಸ್ಪಷ್ಟವಾಗಿ ತಡೆಯುವ ನಿಯಮ ಇರಲಿಲ್ಲ. ಪಂದ್ಯಕ್ಕೆ ಮುಂಚಿನ 72 ಗಂಟೆ ಎದುರಾಳಿಯ ಅಭ್ಯಾಸ ನೋಡಬಾರದು ಎಂಬ ನಿಯಮ ಬಂದದ್ದು ಆಮೇಲೆ. ಅದೇ ಮೇ ತಿಂಗಳ ಪ್ಲೇಆಫ್‌ನಲ್ಲಿ ಡಾರ್ಬಿಯೇ ಲೀಡ್ಸ್ ತಂಡವನ್ನು ಹೊರದೂಡಿತು. ಬಿಯೆಲ್ಸಾ ಮಾಡಿದ್ದನ್ನು ನಾನು ಮೆಚ್ಚುವುದಿಲ್ಲ. ಆದರೆ ಅವರ ಮಾತಿನಲ್ಲಿ ಒಂದು ಸತ್ಯ ಇದೆ: ಕದ್ದ ನೋಟದಿಂದ ಸಿಗುವುದು ತಿಳಿವಳಿಕೆಯಲ್ಲ, ಸಮಾಧಾನ.

ಕೆನಡಾದ ಪ್ರಕರಣ ಇದಕ್ಕಿಂತ ಕೆಟ್ಟದ್ದು. ಅದಕ್ಕೆ ಕಾರಣ ಡ್ರೋನ್ ಅಲ್ಲ, ಒಂದು ಇಮೇಲ್. ಕ್ರೀಡಾ ನ್ಯಾಯಮಂಡಳಿ ಪ್ರಕಟಿಸಿದ ತೀರ್ಪಿನಲ್ಲಿ ಅದು ದಾಖಲಾಗಿದೆ. 2024ರ ಮಾರ್ಚ್‌ನಲ್ಲಿ, ಒಲಿಂಪಿಕ್ಸ್‌ಗೆ ನಾಲ್ಕು ತಿಂಗಳು ಮೊದಲು, ತಂಡದ ವಿಶ್ಲೇಷಕರೊಬ್ಬರು ಇನ್ನು ಮುಂದೆ ಬೇಹುಗಾರಿಕೆ ಮಾಡಲಾರೆ, ಅದು ತಮ್ಮ ನೈತಿಕತೆಗೆ ಒಗ್ಗುವುದಿಲ್ಲ, ತಮ್ಮ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ ಎಂದು ತಿಳಿಸಿದ್ದರು. ಪ್ರೀಸ್ಟ್‌ಮನ್ ಆ ಇಮೇಲ್‌ನಲ್ಲಿ ಇದನ್ನು ಮಾನವ ಸಂಪನ್ಮೂಲದ ಸಲಹೆಗಾರರ ಮುಂದಿಟ್ಟು ದಾರಿ ಕೇಳಿದರು. ಅಗ್ರ ಹತ್ತು ತಂಡಗಳೆಲ್ಲ ಇದನ್ನು ಮಾಡುತ್ತವೆ, ಗೆಲುವು ಸೋಲುಗಳ ನಡುವಿನ ಅಂತರ ಇದೇ ಎಂಬ ಅರ್ಥದ ಮಾತು ಅದರಲ್ಲಿತ್ತು.

ಈ ಪತ್ರವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಹೋಗುವುದು ಆ ವಿಶ್ಲೇಷಕರ ಕಡೆಗೆ. ಲ್ಯಾಪ್‌ಟಾಪ್ ಮುಂದೆ ರಾತ್ರಿ ಕಳೆಯುವ ಕೆಲಸ, ಕೆಲಸದ ಭದ್ರತೆ ಅಷ್ಟಕ್ಕಷ್ಟೆ, ಮುಂದಿನ ಉದ್ಯೋಗಕ್ಕೆ ಕೋಚ್ ಹೇಳುವ ಒಂದು ಒಳ್ಳೆಯ ಮಾತೇ ಆಸರೆ. ಅಂಥವರು ಬಾಯಿಬಿಟ್ಟು ಆಗುವುದಿಲ್ಲ ಎಂದರು. ಅವರ ಮಾತನ್ನು ಆ ದಿನವೇ ಕೇಳಿಸಿಕೊಂಡಿದ್ದರೆ ಸೇಂಟ್ ಎಟಿಯೆನ್‌ನ ಆಕಾಶದಲ್ಲಿ ಡ್ರೋನ್ ಹಾರುತ್ತಿರಲಿಲ್ಲ. ಕೇಳುವ ಬದಲು ಅದನ್ನು ಸಿಬ್ಬಂದಿ ನಿರ್ವಹಣೆಯ ತೊಡಕಾಗಿ ಕಂಡರು. ನವೆಂಬರ್‌ನಲ್ಲಿ ಬಂದ ಸ್ವತಂತ್ರ ತನಿಖೆಯ ವರದಿ, ಸೋನ್ಯಾ ರೀಗನ್‌ಬೋಗನ್ ನಡೆಸಿದ್ದು, ಈ ಪದ್ಧತಿ ಪ್ಯಾರಿಸ್‌ಗಿಂತ ಹಿಂದಿನದು ಎಂದೇ ಹೇಳಿತು. ಸಂಸ್ಥೆಯಲ್ಲಿ ಒಪ್ಪಲಾಗದ ವಾತಾವರಣ ಬೆಳೆದಿತ್ತು, ಮೇಲ್ವಿಚಾರಣೆ ಸಾಲದಾಗಿತ್ತು ಎಂದಿತು. ಆಟಗಾರ್ತಿಯರು ಡ್ರೋನ್ ದೃಶ್ಯಗಳನ್ನು ನೋಡಿದ್ದರು ಎಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ಪುರುಷರ ತಂಡವೂ ಇದರಿಂದ ದೂರ ಉಳಿದಿರಲಿಲ್ಲ. 2024ರ ಕೋಪಾ ಅಮೆರಿಕದಲ್ಲೂ ಡ್ರೋನ್ ಹಾರಿಸಿದ ವಿಷಯ ಹೊರಬಂತು, ಕೋಚ್ ಜೆಸ್ಸಿ ಮಾರ್ಷ್ ತಮಗೆ ಅದು ಆಮೇಲೆ ತಿಳಿಯಿತು ಎಂದರು. ಎರಡೂ ತಂಡಗಳ ಮಾಜಿ ಕೋಚ್ ಜಾನ್ ಹರ್ಡ್‌ಮನ್ ಅವರಿಗೆ 2025ರಲ್ಲಿ ಕೆನಡಾ ಸಾಕರ್ ಲಿಖಿತ ಛೀಮಾರಿ ಕೊಟ್ಟಿತು. 2021ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊದಲ್ಲಿ, ಜಾರ್ಜ್‌ಟೌನ್‌ನಿಂದ ಗೋ ಟ್ರೈನಿನಲ್ಲಿ ಹೋಗಿ ನಾವು ಪಂದ್ಯ ನೋಡುವ ಊರಿನಲ್ಲೇ, ಹೊಂಡುರಾಸ್ ತಂಡ ತಲೆಯ ಮೇಲೆ ಡ್ರೋನ್ ಕಂಡು ಅಭ್ಯಾಸ ನಿಲ್ಲಿಸಿತು ಎಂದು ಆ ದೇಶದ ಪತ್ರಿಕೆಗಳು ಬರೆದಿದ್ದವು. ಅದು ಯಾರ ಡ್ರೋನ್ ಎಂಬುದರ ಮೇಲೆ ನಾನು ತೀರ್ಪು ಕೊಡಲಾರೆ. ಪಂದ್ಯ 1-1.

ಇಷ್ಟೆಲ್ಲ ಮಾಡಿ ದಕ್ಕಿದ್ದೇನು? ಜುಲೈ 25ರಂದು ನ್ಯೂಜಿಲೆಂಡ್ ವಿರುದ್ಧ ಮೊದಲ ಗೋಲು ಬಿದ್ದದ್ದು ಕೆನಡಾದ ಬಲೆಗೆ, ಮ್ಯಾಕೆಂಜಿ ಬ್ಯಾರಿಯ ಕಾಲಿನಿಂದ. ಕದ್ದು ನೋಡಿದ ತಂಡವೇ ಹದಿಮೂರನೆಯ ನಿಮಿಷಕ್ಕೆ ಹಿಂದೆ ಬಿದ್ದಿತ್ತು. ಆಮೇಲೆ ಕ್ಲೋಯಿ ಲಕಾಸ್, ಎವೆಲಿನ್ ವಿಯೆನ್ಸ್ ಗೋಲು ಹೊಡೆದು 2-1 ಮಾಡಿದರು. ಮುಂದಿನ ಎರಡು ಪಂದ್ಯ ಇನ್ನೂ ಹೆಚ್ಚು ಹೇಳುತ್ತವೆ. ಮುಖ್ಯ ಕೋಚ್ ಇಲ್ಲ, ಖಾತೆಯಲ್ಲಿ ಮೂರು ಪಾಯಿಂಟ್ ಸಾಲ, ಲೋಕದ ಕಣ್ಣೆಲ್ಲ ತಮ್ಮ ಮೇಲೆ. ಆಂಡಿ ಸ್ಪೆನ್ಸ್ ಅವರ ಉಸ್ತುವಾರಿಯಲ್ಲಿ ಆತಿಥೇಯ ಫ್ರಾನ್ಸ್ ವಿರುದ್ಧ ಇಂಜುರಿ ಸಮಯದ ಹನ್ನೆರಡನೆಯ ನಿಮಿಷದಲ್ಲಿ ವನೆಸ್ಸಾ ಗಿಲ್ಸ್ ಗೆಲುವಿನ ಗೋಲು ಹೊಡೆದರು. ಕೊಲಂಬಿಯಾ ವಿರುದ್ಧದ ಒಂದೇ ಗೋಲೂ ಅವರದೇ. ಮೂರಕ್ಕೆ ಮೂರು ಗೆದ್ದು, ಒಂಬತ್ತರಲ್ಲಿ ಆರು ಕಳೆದು ಮೂರು ಪಾಯಿಂಟಿನೊಂದಿಗೆ ಕ್ವಾರ್ಟರ್‌ಫೈನಲ್ ತಲುಪಿದರು. ಅಲ್ಲಿ ಜರ್ಮನಿಯ ಎದುರು ಪೆನಾಲ್ಟಿಯಲ್ಲಿ ಸೋತರು. ಇಷ್ಟು ಆಡಬಲ್ಲ ಹೆಣ್ಣುಮಕ್ಕಳ ಮೇಲೆ ಅವರ ಕೋಚ್‌ಗಳಿಗೇ ನಂಬಿಕೆ ಇರಲಿಲ್ಲವೇ ಎಂಬುದು ನನ್ನ ಪ್ರಶ್ನೆ. ಟೋಕಿಯೊದ ಚಿನ್ನಕ್ಕೂ ಈಗ ಅನುಮಾನದ ನೆರಳು ಬಿದ್ದಿದೆ. ಅದನ್ನು ಹೊರಬೇಕಾದವರು ಆಟಗಾರ್ತಿಯರು.

ಶಿಕ್ಷೆಯ ವಿಷಯದಲ್ಲೂ ನನಗೆ ತಕರಾರಿದೆ. ಪಾಯಿಂಟ್ ಕಡಿತ ಆಟಗಾರ್ತಿಯರಿಗೆ ಅನ್ಯಾಯ ಎಂದು ಇಲ್ಲಿ ತುಂಬ ಜನ ಹೇಳಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಕಡಿತ ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಬರೀ ದಂಡವಾದರೆ ಶ್ರೀಮಂತ ಸಂಸ್ಥೆಗಳು ಅದನ್ನು ಖರ್ಚಿನ ಬಾಬ್ತಿಗೆ ಸೇರಿಸಿಬಿಡುತ್ತವೆ. ನನ್ನ ಆಕ್ಷೇಪ ಬೇರೆ. ಆ ಇಡೀ ತೀರ್ಪಿನಲ್ಲಿ ನ್ಯೂಜಿಲೆಂಡ್‌ಗೆ ಸಿಕ್ಕಿದ್ದೇನು? ಅವರ ಮೈದಾನದ ಮೇಲೆ ಡ್ರೋನ್ ಹಾರಿತು, ಅವರ ಪಂದ್ಯದ ತಯಾರಿ ಕೆಟ್ಟಿತು, ದೂರು ಕೊಟ್ಟವರೂ ಅವರೇ. 2-1ರ ಸೋಲು ಹಾಗೆಯೇ ಉಳಿಯಿತು. ಗುಂಪಿನ ಪಟ್ಟಿಯಲ್ಲಿ ಕೊನೆಯ ಸ್ಥಾನ, ಸೊನ್ನೆ ಪಾಯಿಂಟ್. ಕೆನಡಾದ ಕಿಸೆಯಿಂದ ಹೋದ ಆರು ಪಾಯಿಂಟ್‌ಗಳಲ್ಲಿ ಒಂದೂ ಅವರ ಕಡೆ ಹೊರಳಲಿಲ್ಲ. ಪಂದ್ಯವನ್ನು ಮತ್ತೆ ಆಡಿಸಬೇಕಿತ್ತೇ, ಅಂಕವನ್ನು ಅವರಿಗೆ ಕೊಡಬೇಕಿತ್ತೇ ಎಂಬುದು ಚರ್ಚೆಗೆ ಬರಬೇಕಾದ ವಿಷಯ. ನಮ್ಮ ನಡುವೆ ಅದು ಬರಲೇ ಇಲ್ಲ. ನಾವು ಕೆನಡಾದವರು ಆ ವಾರವೆಲ್ಲ ನಮ್ಮ ತಂಡಕ್ಕಾದ ನಷ್ಟವನ್ನೇ ಲೆಕ್ಕ ಹಾಕುತ್ತಿದ್ದೆವು.

2026ರ ವಿಶ್ವಕಪ್‌ನ 104 ಪಂದ್ಯಗಳಲ್ಲಿ ಆರು ಟೊರಾಂಟೊ ಪಾಲಿಗೆ ಬಂದವು, ಅದರಲ್ಲಿ ಕೆನಡಾ ಪುರುಷರ ತಂಡದ ಮೊದಲ ಪಂದ್ಯವೂ ಒಂದು. ಇಷ್ಟು ದೊಡ್ಡ ಆತಿಥ್ಯ ವಹಿಸುವ ಸಂಸ್ಥೆಯಿಂದ ನಾನು ಬಯಸುವುದು ಕಾಗದದ ಮೇಲಿನ ನೀತಿಸಂಹಿತೆಗಿಂತ ಹೆಚ್ಚಿನದು. ವಿಶ್ಲೇಷಕರ ಒಪ್ಪಂದದಲ್ಲಿ ಒಂದು ಸಾಲು ಇರಲಿ: ಎದುರಾಳಿಯ ಮುಚ್ಚಿದ ಅಭ್ಯಾಸವನ್ನು ನೋಡಲು ಹೇಳಿದರೆ ನಿರಾಕರಿಸಬಹುದು, ಹಾಗೆ ನಿರಾಕರಿಸಿದ್ದನ್ನು ಕೋಚ್‌ಗೆ ಅಲ್ಲ, ಕೋಚ್‌ನ ಕೈಕೆಳಗೆ ಇಲ್ಲದ ಬೇರೊಬ್ಬರಿಗೆ ತಿಳಿಸಬಹುದು, ಅದರಿಂದ ಕೆಲಸಕ್ಕೆ ಕುತ್ತು ಬರುವುದಿಲ್ಲ. ಮಾರ್ಚ್‌ನಲ್ಲಿ ಆಗುವುದಿಲ್ಲ ಎಂದವರಿಗೆ ಅಂಥ ಬಾಗಿಲು ಇದ್ದಿದ್ದರೆ ಸಾಕಾಗಿತ್ತು.