ಶಾಲೆಯ ಉತ್ಪಾದಕತೆ: ಒಂದು ಅಳತೆಗೋಲಿನ ವಿಮರ್ಶೆ

ಸರ್ಕಾರಿ ಶಾಲೆ, ಖಾಸಗಿ ಶಾಲೆ ಇವೆರಡರಲ್ಲಿ ಯಾವುದು ಕಡಿಮೆ ವೆಚ್ಚದಲ್ಲಿ ಹೆಚ್ಚು ವಿದ್ಯೆಯನ್ನು ಕೊಡುತ್ತದೆ ಎಂಬ ಪ್ರಶ್ನೆಗೆ ಅಂಕಿ ಅಂಶಗಳಿಂದ ಉತ್ತರ ಹೇಳಲು ಹೊರಟ ಪ್ರಬಂಧಗಳು ಅನೇಕವಾಗಿವೆ. ಅವುಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು 2015ರಲ್ಲಿ ಪ್ರಕಟಿಸಿದ, ಆಂಧ್ರಪ್ರದೇಶದ ಗ್ರಾಮಗಳನ್ನು ಕುರಿತ ಅಧ್ಯಯನವು ವಿಧಾನದ ದೃಷ್ಟಿಯಿಂದ ಗಣ್ಯವಾದುದು. ಅದರ ನಿರ್ಣಯವು ಟಿ. ದಾಸರಹಳ್ಳಿಯಂಥ ಸ್ಥಳಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಪರೀಕ್ಷೆಯ ಫಲಿತಾಂಶಗಳನ್ನು ಎದುರುಬದುರು ಇಟ್ಟು ಹೋಲಿಸುವ ರೂಢಿಯಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಶುಲ್ಕ ತೆರಬಲ್ಲ, ಓದುಬರಹ ಬಲ್ಲ ತಂದೆತಾಯಿಗಳ ಮಕ್ಕಳೇ ಖಾಸಗಿ ಶಾಲೆಗಳಲ್ಲಿ ಹೆಚ್ಚಾಗಿರುವುದರಿಂದ ಮನೆಯ ಫಲವನ್ನು ಶಾಲೆಯ ಫಲವೆಂದು ಎಣಿಸಿದಂತಾಗುತ್ತದೆ. ಎರಡನೆಯದಾಗಿ, ಅಳತೆಗೋಲೇ ಸ್ಥಿರವಲ್ಲ. ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2023ರಲ್ಲಿ ಶೇಕಡ 83.89 ಇದ್ದ ತೇರ್ಗಡೆಯ ಪ್ರಮಾಣವು, 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾಗಳ ಕಾವಲು ಬಂದಾಗ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಬೋಧನೆಯು ಅಷ್ಟು ಕುಸಿಯಿತೆಂದು ಯಾರೂ ಹೇಳಲಾರರು.

ಮೇಲೆ ಹೇಳಿದ ಅಧ್ಯಯನವು ಈ ಎರಡು ದೋಷಗಳನ್ನೂ ಪರಿಹರಿಸಿಕೊಂಡಿತು. ಖಾಸಗಿ ಶಾಲೆಗೆ ಹೋಗಲು ಕೊಟ್ಟ ವೇತನಪತ್ರಗಳನ್ನು ಚೀಟಿ ಎತ್ತಿ ಹಂಚಿ, ಪಡೆದವರನ್ನೂ ಪಡೆಯದವರನ್ನೂ ಒಂದೇ ಪರೀಕ್ಷೆಯಿಂದ ಅಳೆಯಿತು. ನಾಲ್ಕು ವರ್ಷಗಳ ಅನಂತರ ತೆಲುಗು ಮತ್ತು ಗಣಿತದಲ್ಲಿ ಇಬ್ಬರಿಗೂ ಗಣನೀಯ ಭೇದ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಯವರು ಬಹಳ ಮುಂದಿದ್ದರು. ಆದರೆ ಖಾಸಗಿ ಶಾಲೆಯಲ್ಲಿ ಮಗುವೊಂದಕ್ಕೆ ತಗಲುವ ವೆಚ್ಚವು ಸರ್ಕಾರಿ ಶಾಲೆಯ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಆದಕಾರಣ ಖಾಸಗಿ ಶಾಲೆಗಳೇ ಹೆಚ್ಚು ಉತ್ಪಾದಕವೆಂದು ಲೇಖಕರು ನಿರ್ಣಯಿಸಿದರು.

ಫಲದ ಎಣಿಕೆಯಲ್ಲಿ ನಾವು ತಕರಾರು ಹೇಳುವುದಿಲ್ಲ. ನಮ್ಮ ಸಂದೇಹ ವೆಚ್ಚದ ಎಣಿಕೆಯನ್ನು ಕುರಿತದ್ದು. ಖಾಸಗಿ ಶಾಲೆಯ ಉಪಾಧ್ಯಾಯರ ಸಂಬಳ ತೀರ ಕಡಿಮೆಯೆಂಬುದನ್ನು ಆ ಅಧ್ಯಯನವೇ ಒಪ್ಪುತ್ತದೆ. ಹಾಗಿರಲು, ಮಿತವ್ಯಯದ ಬಹುಭಾಗವು ವ್ಯವಸ್ಥೆಯ ಜಾಣ್ಮೆಯಿಂದ ಬಂದುದೋ, ದುಡಿಯುವವರ ಬಡತನದಿಂದ ಬಂದುದೋ ಎಂಬುದನ್ನು ಬೇರ್ಪಡಿಸದೆ ಅದನ್ನು ಶಾಲೆಯ ಗುಣವೆಂದು ಕರೆಯುವುದು ಅವಸರವಾದೀತು. ಆದರೂ ಆ ಶಾಲೆಗಳಲ್ಲಿ ಉಪಾಧ್ಯಾಯರ ಗೈರುಹಾಜರಿ ಕಡಿಮೆಯೆಂಬ ಸಂಗತಿಯನ್ನು ಸರ್ಕಾರಿ ಶಾಲೆಯ ಪಕ್ಷಪಾತಿಗಳು ಮರೆಯಬಾರದು.

ಇನ್ನು ಸ್ಥಳದ ವಿಚಾರ. ತುಮಕೂರು ರಸ್ತೆಯಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಟಿ. ದಾಸರಹಳ್ಳಿಯು 2007ರಲ್ಲಿ ಬೃಹತ್ ಬೆಂಗಳೂರಿನಲ್ಲಿ ಸೇರಿತು. ಕೆಲಸವನ್ನೂ ಬಾಡಿಗೆಯನ್ನೂ ಅನುಸರಿಸಿ ಮನೆ ಬದಲಿಸುವ ಕಾರ್ಮಿಕ ಕುಟುಂಬಗಳು ಅಲ್ಲಿವೆ. ಅಂಥ ಮನೆಯ ಮಗು ವರ್ಷದ ನಡುವೆ ಬಂದರೂ 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರ್ಕಾರಿ ಶಾಲೆಯು ಬಾಗಿಲು ಮುಚ್ಚುವಂತಿಲ್ಲ. ನಾಲ್ಕು ವರ್ಷ ಒಂದೆಡೆ ನಿಂತ ಮಕ್ಕಳನ್ನು ಅಳೆದ ಕೋಲು, ನಾಲ್ಕು ತಿಂಗಳು ಮಾತ್ರ ನಿಂತ ಮಗುವಿಗೆ ಶಾಲೆಯು ಮಾಡಿದ ಉಪಕಾರವನ್ನು ಅಳೆಯಲಾರದು; ಆ ವೆಚ್ಚವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ.

ಚರಿತ್ರೆಯಲ್ಲಿ ಇದಕ್ಕೆ ನಿದರ್ಶನವುಂಟು. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಅವರ ಸಂಹಿತೆಯು ಓದು, ಬರಹ, ಲೆಕ್ಕಗಳ ಫಲಿತಾಂಶಕ್ಕೆ ತಕ್ಕಂತೆ ಶಾಲೆಗಳಿಗೆ ಅನುದಾನ ಕೊಟ್ಟಿತು. ಪಾಠವು ಪರೀಕ್ಷೆಯಷ್ಟೇ ಅಗಲಕ್ಕೆ ಕುಗ್ಗಿತು. ಶಾಲಾ ತನಿಖಾಧಿಕಾರಿಯಾಗಿದ್ದ ಮ್ಯಾಥ್ಯೂ ಆರ್ನಲ್ಡ್ ಅವರು ಅದನ್ನು ವಿರೋಧಿಸಿದರು. 1890ರ ದಶಕದಲ್ಲಿ ಆ ಪದ್ಧತಿಯನ್ನು ಕೈಬಿಡಬೇಕಾಯಿತು.

ಅಳತೆಯೇ ಬೇಡವೆಂಬುದು ನಮ್ಮ ಮತವಲ್ಲ. ಮಗು ಸೇರಿದಾಗ ಎಷ್ಟು ಬಲ್ಲದಾಗಿತ್ತು, ಬಿಟ್ಟಾಗ ಎಷ್ಟು ಬಲ್ಲದಾಯಿತು ಎಂಬುದನ್ನು ಅಳೆಯಬೇಕು; ನಡುವೆ ಬಂದುಹೋದವರನ್ನೂ ಎಣಿಸಬೇಕು; ಉಪಾಧ್ಯಾಯರ ಸಂಬಳವನ್ನು ಬೇರೆಯಾಗಿಯೇ ತೋರಿಸಬೇಕು. ಇಷ್ಟನ್ನು ಮಾಡದೆ ಒಂದೇ ಸಂಖ್ಯೆಯನ್ನು ಮುಂದಿಟ್ಟುಕೊಂಡು ಯಾವ ಶಾಲೆ ಉಳಿಯಬೇಕೆಂದು ನಿರ್ಣಯಿಸಿದಲ್ಲಿ, ಮೊದಲು ಬಾಗಿಲು ಮುಚ್ಚುವುದು ಬೇರೆ ಗತಿಯಿಲ್ಲದ ಮಕ್ಕಳ ಶಾಲೆಯೇ ಆದೀತು.