ತಲೆಯ ಸುತ್ತ ಒಂದೂವರೆ ಅಂಗುಲ ಕೆಸರು

ಮೂಡುಬಿದಿರೆಯ ಕಡಲಕೆರೆಯಲ್ಲೋ ವೇಣೂರಿನಲ್ಲೋ ಹೊಕ್ಕಾಡಿಗೋಳಿಯಲ್ಲೋ ಕಂಬಳಕ್ಕೆ ಹೋದವರೆಲ್ಲ ಇದನ್ನು ನೋಡಿರುತ್ತಾರೆ. ಕೋಣಗಳ ಹಿಂದೆ ಓಡುವಾತನ ಕಾಲು ತಪ್ಪುತ್ತದೆ, ಹಗ್ಗ ಕೈಜಾರುತ್ತದೆ, ಆಳು ಮುಖ ಕೆಳಗಾಗಿ ಕರೆಯ ಕೆಸರಿನಲ್ಲಿ ಬೀಳುತ್ತಾನೆ. ದಂಡೆಯಲ್ಲಿದ್ದವರು ಉಸಿರು ಬಿಗಿಹಿಡಿಯುವಷ್ಟರಲ್ಲಿ ಬಹಳಷ್ಟು ಸಲ ಆತ ಮುಖದ ಕೆಸರು ಒರೆಸಿಕೊಂಡು ಎದ್ದು ನಡೆಯುತ್ತಾನೆ. ವೇಗವೇನೂ ಕಮ್ಮಿಯದಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಗಂಟೆಯ ಲೆಕ್ಕಕ್ಕೆ ತಂದರೆ 37 ಕಿ.ಮೀ.ಗಿಂತ ಹೆಚ್ಚು. ಬಾಡಿಗೆಗೆ ಸಿಗುವ ಗೋ-ಕಾರ್ಟ್ ಹೆಚ್ಚುಕಮ್ಮಿ ಇದೇ ವೇಗದಲ್ಲಿ ತಿರುವು ಸುತ್ತುತ್ತದೆ. ಆದರೆ ಅಲ್ಲಿ ಬಿದ್ದವನ ಕೆಳಗಿರುವುದು ಡಾಮರು.

ಬಿದ್ದ ತಲೆಯನ್ನು ಕೆಸರು ಥಟ್ಟನೆ ನಿಲ್ಲಿಸುವುದಿಲ್ಲ. ಒಂದಷ್ಟು ಒಳಗೆ ಬಿಟ್ಟುಕೊಂಡು, ತಾನೂ ಸರಿದು, ಮೆಲ್ಲಗೆ ನಿಲ್ಲಿಸುತ್ತದೆ. ಹೆಲ್ಮೆಟ್ಟಿನ ಒಳಗಿರುವ ಥರ್ಮೊಕೋಲ್ ಪದರದ ಕೆಲಸವೂ ಇದೇ. ಇಪಿಎಸ್ ಎಂದು ಕರೆಯುವ ಆ ಪದರ ಮೂರರಿಂದ ನಾಲ್ಕು ಸೆಂಟಿಮೀಟರ್ ದಪ್ಪ, ಅಂದರೆ ಒಂದೂವರೆ ಅಂಗುಲದ ಆಸುಪಾಸು. ಹೊರಗಿನ ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಚೂಪಾದದ್ದು ಒಳಗೆ ತೂರದಂತೆ ತಡೆಯುತ್ತದೆ. ಮಿದುಳನ್ನು ಉಳಿಸುವುದು ಒಳಗೆ ಜಜ್ಜಿಹೋಗುವ ಥರ್ಮೊಕೋಲ್. ಬಿ.ಸಿ. ರೋಡಿನ ಅಂಗಡಿಗಳಲ್ಲಿ ಚಿಪ್ಪನ್ನು ಬೆರಳಲ್ಲಿ ಕುಟ್ಟಿ "ಗಟ್ಟಿ ಉಂಟು, ಇದನ್ನೇ ಕೊಡಿ" ಎನ್ನುವವರನ್ನು ಕಂಡಾಗಲೆಲ್ಲ ಹೆಲ್ಮೆಟ್ಟನ್ನು ಬೋರಲು ಮಾಡಿ ಒಳಗನ್ನು ತೋರಿಸಬೇಕೆನಿಸುತ್ತದೆ ನನಗೆ.

ಎಷ್ಟು ಪೆಟ್ಟು ತಾಳುತ್ತದೆ ಎಂಬುದಕ್ಕೆ ಪರೀಕ್ಷೆ ಉಂಟು. ಯುರೋಪಿನ ಇಸಿಇ 22.05 ಮಾನದಂಡದಲ್ಲಿ ತಲೆಯಾಕಾರದ ಲೋಹದ ಅಚ್ಚಿಗೆ ಹೆಲ್ಮೆಟ್ ತೊಡಿಸಿ, ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಉಕ್ಕಿನ ಅಡಿಗಲ್ಲಿಗೆ ಬಡಿಸುತ್ತಿದ್ದರು. ಗಂಟೆಗೆ 27 ಕಿ.ಮೀ.; ಸುಮಾರು ಒಂಬತ್ತೂವರೆ ಅಡಿ ಎತ್ತರದಿಂದ ನೇರ ಬಿದ್ದಷ್ಟು. "ಇಷ್ಟೇ ಅಲ್ವಾ?" ಎಂದು ಕೇಳುವವರಿದ್ದಾರೆ. ವಾಹನ 80ರಲ್ಲಿದ್ದರೂ ಉರುಳಿ ಬಿದ್ದಾಗ ತಲೆ ನೆಲಕ್ಕೆ ಬಡಿಯುವ ವೇಗ ಹೆಚ್ಚಾಗಿ ಅದು ಬಿದ್ದ ಎತ್ತರದಿಂದ ಬರುವಂಥದ್ದು. ಮಿಕ್ಕ ವೇಗ ನೆಲದ ಮೇಲೆ ಜಾರುತ್ತಾ ಕರಗುತ್ತದೆ. ನೇರ ಕಂಬಕ್ಕೋ ಗೋಡೆಗೋ ಹೊಡೆದರೆ ಮಾತ್ರ ಲೆಕ್ಕ ಬೇರೆ. ಈಗಿನ 22.06ರಲ್ಲಿ 8.2 ಮೀಟರಿನ ಜೋರು ಪೆಟ್ಟೂ ಇದೆ, 6 ಮೀಟರಿನ ಮೆದು ಪೆಟ್ಟೂ ಇದೆ. ಓರೆಯಾಗಿ ಬಡಿದಾಗ ತಲೆ ಎಷ್ಟು ಗಿರಕಿ ಹೊಡೆಯುತ್ತದೆ ಎಂಬುದನ್ನೂ ಅಳೆಯುತ್ತಾರೆ. ಮೆದು ಪೆಟ್ಟಿನ ಪರೀಕ್ಷೆ ನನಗೆ ಬಹಳ ಮೆಚ್ಚುಗೆಯಾದದ್ದು. ಥರ್ಮೊಕೋಲ್ ತೀರಾ ಗಟ್ಟಿಯಾದರೆ ಸಣ್ಣ ಪೆಟ್ಟಿಗೆ ಅದು ಜಗ್ಗುವುದೇ ಇಲ್ಲ, ಪೆಟ್ಟು ಪೂರ್ತಿ ತಲೆಗೇ ಹೋಗುತ್ತದೆ. ಕಾರ್ಟ್ ಟ್ರ್ಯಾಕಿನಲ್ಲಿ ಬೀಳುವ ಪೆಟ್ಟುಗಳಲ್ಲಿ ಹೆಚ್ಚಿನವು ಈ ಸಣ್ಣ ಜಾತಿಯವೇ.

ಕಾರ್ಟ್ ಹುಟ್ಟಿದ್ದು 1956ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಆರ್ಟ್ ಇಂಗೆಲ್ಸ್ ಎಂಬಾತನ ಕೈಯಲ್ಲಿ. ಅದೇ ವರ್ಷ ಅದೇ ರಾಜ್ಯದಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ರೇಸ್ ಚಾಲಕ ಕಾರು ಮಗುಚಿ ತಲೆಗೆ ಪೆಟ್ಟಾಗಿ ತೀರಿಕೊಂಡ. ಹೆಲ್ಮೆಟ್ ತೊಟ್ಟಿದ್ದ, ಅದು ಕಾಯಲಿಲ್ಲ. ಅವನ ಒಡನಾಡಿಯಾಗಿದ್ದ ವೈದ್ಯ ಜಾರ್ಜ್ ಸ್ನೈವ್ಲಿ ಮತ್ತು ಗೆಳೆಯರು 1957ರಲ್ಲಿ ಅವನ ಹೆಸರಲ್ಲೇ ಸ್ಥಾಪಿಸಿದ್ದು ಸ್ನೆಲ್ ಪ್ರತಿಷ್ಠಾನ. ಇಂದು ರೇಸ್ ಹೆಲ್ಮೆಟ್ಟುಗಳ ಒಳಗೆ ಅಂಟಿರುವ ಸ್ನೆಲ್ ಚೀಟಿಯ ಹಿಂದಿರುವುದು ಆ ಸಾವು.

ಆ ಚೀಟಿಯ ಮೇಲಿನ ಅಕ್ಷರವನ್ನು ಓದಲು ಬರಬೇಕು. ಎಂ ಎಂದಿದ್ದರೆ ಬೈಕಿಗೆ, ಎಸ್‌ಎ ಎಂದಿದ್ದರೆ ಕಾರ್ ರೇಸಿಗೆ, ಕೆ ಎಂದಿದ್ದರೆ ಕಾರ್ಟಿಗೆ. ಪಕ್ಕದ 2015, 2020 ಎಂಬ ಅಂಕಿ ಮಾನದಂಡದ ವರ್ಷ. ಕಾರಿನೊಳಗೆ ತಲೆ ಕಬ್ಬಿಣದ ಕೊಳವೆಗೆ ಮತ್ತೆ ಮತ್ತೆ ಬಡಿಯಬಹುದು, ಬೆಂಕಿಯೂ ಹೊತ್ತಬಹುದು. ಹಾಗಾಗಿ ಎಸ್‌ಎ ಹೆಲ್ಮೆಟ್ಟಿಗೆ ಕೊಳವೆಯ ಪೆಟ್ಟಿನ ಪರೀಕ್ಷೆ, ಬೆಂಕಿಯ ಪರೀಕ್ಷೆ ಎರಡೂ ಇವೆ. ಕೆ ಹೆಲ್ಮೆಟ್ ಅದರ ತಮ್ಮ. ಬೆಂಕಿಯ ಪರೀಕ್ಷೆಯೊಂದು ಇಲ್ಲ. ರೇಸಿಂಗ್ ಕಾರ್ಟಿನಲ್ಲಿ ಸೀಟ್ ಬೆಲ್ಟ್ ಇಲ್ಲ, ಮಗುಚಿದರೆ ಚಾಲಕ ಹೊರಗೆ ಎಸೆಯಲ್ಪಡುತ್ತಾನೆ, ಬೆಂಕಿಯ ನಡುವೆ ಸಿಕ್ಕಿಬೀಳುವ ಸಂದರ್ಭ ಕಮ್ಮಿ. ಬೈಕಿನ ಎಂ ಹೆಲ್ಮೆಟ್ಟಿನಲ್ಲಿ ಕೊಳವೆಯ ಪರೀಕ್ಷೆಯೂ ಇಲ್ಲ, ಬೆಂಕಿಯದ್ದೂ ಇಲ್ಲ. ರಜೆಯಲ್ಲಿ ಒಮ್ಮೆ ಬಾಡಿಗೆ ಕಾರ್ಟ್ ಓಡಿಸುವವರಿಗೆ ಒಳ್ಳೆಯ ಐಎಸ್‌ಐ ಫುಲ್ ಫೇಸ್ ಹೆಲ್ಮೆಟ್ ಸಾಕು. ಮಕ್ಕಳನ್ನು ಘಾಟಿ ಹತ್ತಿಸಿ ಬೆಂಗಳೂರಿನ ಹೆಣ್ಣೂರು–ಬಾಗಲೂರು ರಸ್ತೆಯ ಮೆಕೊ ಕಾರ್ಟೋಪಿಯಾದಂಥ ಟ್ರ್ಯಾಕಿಗೆ ಕರೆದೊಯ್ದು ರೇಸಿಂಗ್ ಕಾರ್ಟ್ ಕಲಿಸಬೇಕೆಂದಿರುವ ಹೆತ್ತವರು ಕೆ ಹೆಲ್ಮೆಟ್ಟಿನತ್ತ ನೋಡಬೇಕು. 125 ಸಿಸಿ ಎಂಜಿನಿನ ಆ ಗಾಡಿಗಳು 100 ಕಿ.ಮೀ. ದಾಟಿ ಓಡುವಂಥವು. ಸ್ಪರ್ಧೆಗೇ ಇಳಿಯುವುದಾದರೆ ಆ ವರ್ಷ ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಯಾವ ಚೀಟಿಗಳನ್ನು ಒಪ್ಪುತ್ತದೆ ಎಂದು ನಿಯಮ ನೋಡಿ, ಆಮೇಲೆ ದುಡ್ಡು ಕೊಡಿ. ಇನ್ನೊಂದು ಮಾತು: ಐಎಸ್‌ಐ ಗುರುತಿಲ್ಲದ ಕೆ ಹೆಲ್ಮೆಟ್ ಹಾಕಿಕೊಂಡು ಮೆಲ್ಕಾರಿನಿಂದ ಉಪ್ಪಿನಂಗಡಿಗೆ ಬೈಕಿನಲ್ಲಿ ಹೋಗುವಂತಿಲ್ಲ. 2021ರ ಜೂನ್ 1ರಿಂದ ದ್ವಿಚಕ್ರಕ್ಕೆ ಐಎಸ್‌ಐ ಹೆಲ್ಮೆಟ್ಟೇ ಆಗಬೇಕು.

ಈ ಚೀಟಿಗಳೆಲ್ಲ ನೆಟ್ಟಗಿದ್ದೂ ಹೆಲ್ಮೆಟ್ ವ್ಯರ್ಥವಾಗುವುದು ಅಳತೆಯಲ್ಲಿ. ನಮ್ಮ ಕಡೆ ಹೆಲ್ಮೆಟ್ ಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಮುಕ್ಕಾಲುಪಾಲು ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ. "ಇದು ಟೈಟ್ ಮಾರ್ರೆ, ಒಂದು ಸೈಜ್ ದೊಡ್ಡದು ಕೊಡಿ" ಎಂದು ಕೇಳಿ ಪಡೆದ ಹೆಲ್ಮೆಟ್ ಆರು ತಿಂಗಳಲ್ಲಿ ತಲೆಯ ಮೇಲೆ ಕುಣಿಯತೊಡಗುತ್ತದೆ. ಕೆನ್ನೆಯ ಸ್ಪಂಜು ಬಳಸುತ್ತಾ ಬಂದಂತೆ ಮೆತ್ತಗಾಗುತ್ತದೆ. ಹೊಸದರಲ್ಲಿ ಕೆನ್ನೆ ತುಸು ಮುಂದಕ್ಕೆ ಒತ್ತಿ ಬರುವಷ್ಟು ಬಿಗಿ ಇರಲೇಬೇಕು. ಹುಬ್ಬಿನ ಮೇಲೆ ಒಂದಂಗುಲ ಬಿಟ್ಟು, ಹಿಂದೆ ಬುರುಡೆ ಅತಿ ಹೆಚ್ಚು ಉಬ್ಬಿರುವಲ್ಲಿ ಹಾಯಿಸಿ ಟೇಪಿನಲ್ಲಿ ಸುತ್ತಳತೆ ತೆಗೆಯಿರಿ. ಅದು ಆರಂಭಕ್ಕೆ ಮಾತ್ರ. ಸುತ್ತಳತೆ ಒಂದೇ ಇದ್ದರೂ ಕೆಲವರ ತಲೆ ಹಿಂದೆಮುಂದೆ ಉದ್ದ, ಕೆಲವರದು ದುಂಡಗೆ. ಉದ್ದ ತಲೆಗೆ ದುಂಡು ಹೆಲ್ಮೆಟ್ ಹಾಕಿದರೆ ಹಣೆ ಒತ್ತುತ್ತದೆ, ಕಿವಿಯ ಮೇಲೆ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ಇದ್ದ ಕಡೆ ಪೆಟ್ಟು ಬಿದ್ದರೆ ತಲೆ ಮೊದಲು ಥರ್ಮೊಕೋಲಿನತ್ತ ಚಿಮ್ಮಿ ಆಮೇಲೆ ಬಡಿಯುತ್ತದೆ. ಹಾಗಾಗಿ ಹೆಸರುವಾಸಿ ಕಂಪನಿಯೆಂದು ಹಿಡಿದು ಕೂರದೆ ಎರಡು ಮೂರು ಕಂಪನಿಯದ್ದು ತೊಟ್ಟು ನೋಡಿ. ನಮ್ಮದೇ ಬೆಳಗಾವಿಯ ವೇಗಾ, ಉತ್ತರದ ಸ್ಟಡ್ಸ್, ಸ್ಟೀಲ್‌ಬರ್ಡ್ ಯಾವುದೇ ಇರಲಿ, ನಿಮ್ಮ ತಲೆಗೆ ಕೂತದ್ದು ನಿಮಗೆ ಒಳ್ಳೆಯದು.

ಅಂಗಡಿಯಲ್ಲಿ ಹತ್ತು ಹದಿನೈದು ನಿಮಿಷ ತೊಟ್ಟುಕೊಂಡೇ ನಿಲ್ಲಿ. ಅಂಗಡಿಯವರು ಗಡಿಬಿಡಿ ಮಾಡಿದರೂ ನಿಲ್ಲಿ. ತೆಗೆದಾಗ ಹಣೆಯಲ್ಲಿ ಒಂದೇ ಕಡೆ ಕೆಂಪು ಗೆರೆ ಮೂಡಿದ್ದರೆ ಆ ಆಕಾರ ನಿಮ್ಮದಲ್ಲ. ತೊಟ್ಟಿರುವಾಗ ಗಲ್ಲದ ಭಾಗ ಹಿಡಿದು ಎಡಬಲಕ್ಕೆ ತಿರುಗಿಸಿ. ಹೆಲ್ಮೆಟ್ಟಿನ ಜೊತೆ ಕೆನ್ನೆಯ ಚರ್ಮವೂ ಎಳೆದು ಬರಬೇಕು. ಕೊನೆಗೆ ಪಟ್ಟಿ ಬಿಗಿದು, ಜೊತೆಗಿರುವವರಿಗೆ ಹಿಂಬದಿಯ ಅಂಚು ಹಿಡಿದು ಮೇಲೆ ಮುಂದಕ್ಕೆ ಜೋರಾಗಿ ಮಗುಚಲು ಹೇಳಿ. ಕಣ್ಣು ಮುಚ್ಚುವಷ್ಟು ಮುಂದಕ್ಕೆ ಬಂದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅಪಘಾತದಲ್ಲಿ ಮೊದಲ ಪೆಟ್ಟಿಗೇ ಹೆಲ್ಮೆಟ್ ಕಳಚಿ ಹಾರಿದರೆ ಎರಡನೆಯದಕ್ಕೆ ತಲೆ ಬರಿದು, ಮತ್ತು ಕಾರ್ಟಿನಿಂದ ಎಸೆಯಲ್ಪಟ್ಟವನಿಗೆ ಪೆಟ್ಟು ಒಂದಕ್ಕೇ ನಿಲ್ಲುವುದು ಅಪರೂಪ. ಪಟ್ಟಿಗೆ ನಾನು ಎರಡು ಲೋಹದ ಬಳೆಗಳ ಡಬಲ್ ಡಿ ಕಟ್ಟನ್ನೇ ಹೇಳುತ್ತೇನೆ. ಚಟಕ್ಕನೆ ಕೂರುವ ಬಕಲ್ ಸುಲಭ ಹೌದು. ಪಟ್ಟಿ ಸಡಿಲವಿದ್ದರೂ ಅದು ಚಟಕ್ಕೆಂದೇ ಕೂರುತ್ತದೆ. ಡಬಲ್ ಡಿಯನ್ನು ಪ್ರತಿ ಸಲವೂ ಎಳೆದೇ ಬಿಗಿಯಬೇಕು.

ಮಕ್ಕಳ ವಿಷಯ ಬೇರೆಯೇ. ಏಳೆಂಟು ವರ್ಷದ ಮಗುವಿನ ತಲೆ ದೊಡ್ಡವರ ತಲೆಯ ಹತ್ತಿರಕ್ಕೆ ಬೆಳೆದಿರುತ್ತದೆ, ಕತ್ತು ಬೆಳೆದಿರುವುದಿಲ್ಲ. ಅಪ್ಪನ ಸಣ್ಣ ಸೈಜಿನ ಹೆಲ್ಮೆಟ್ ಮಗನಿಗೆ "ಸರಿ ಆಗ್ತದೆ" ಎಂದು ಕಾಣುವುದು ಇದರಿಂದಲೇ. ಒಂದೂವರೆ ಕಿಲೋ ಹೆಲ್ಮೆಟ್, ಕಾರ್ಟ್ ತಿರುವಿನಲ್ಲಿ ಎರಡು ಜಿ ಬಲ ಬಂದಾಗ, ಕತ್ತನ್ನು ಮೂರು ಕಿಲೋ ತೂಗಿದಂತೆ ಪಕ್ಕಕ್ಕೆ ಎಳೆಯುತ್ತದೆ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಟ್ರ್ಯಾಕಿನ ಒಂದೊಂದು ಉಬ್ಬೂ ನೇರ ಬೆನ್ನುಮೂಳೆಗೆ. ಹೀಗಾಗಿ ಸ್ನೆಲ್ ಮತ್ತು ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಸೇರಿ ಮಕ್ಕಳಿಗೆಂದೇ ಹಗುರ ಹೆಲ್ಮೆಟ್ಟಿನ ಮಾನದಂಡ ಮಾಡಿವೆ. ಸಿಎಂಆರ್, ಸಿಎಂಎಸ್ ಎಂಬ ಅಕ್ಷರಗಳನ್ನು ಹುಡುಕಿ. ಬೆಲೆ ಹೆಚ್ಚು, ಮಗು ಬೆಳೆದಂತೆ ಬದಲಿಸಬೇಕು, ಎರಡೂ ನಿಜ. ಆದರೂ ಕಾರ್ಟಿಂಗ್ ಕಲಿಸಲು ಕಟ್ಟುವ ಫೀಸಿನಲ್ಲಿ ಮೊದಲ ಕಂತು ಇದು ಎಂದೇ ತಿಳಿಯಬೇಕು. 2023ರ ಆಗಸ್ಟಿನಲ್ಲಿ ಚೆನ್ನೈನ ಟ್ರ್ಯಾಕಿನಲ್ಲಿ ಬೈಕ್ ರೇಸ್ ಓಡಿಸುತ್ತಿದ್ದ ಬೆಂಗಳೂರಿನ 13 ವರ್ಷದ ಹುಡುಗ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡದ್ದನ್ನು ನಾನು ಮರೆತಿಲ್ಲ. ರೇಸಿನಲ್ಲಿ ಒಳ್ಳೆಯ ಹೆಲ್ಮೆಟ್ ಕೂಡ ಎಲ್ಲರನ್ನೂ ಉಳಿಸಲಾರದು. ಮಕ್ಕಳನ್ನು ಯಾವ ವಯಸ್ಸಿಗೆ ಎಷ್ಟು ವೇಗಕ್ಕೆ ಬಿಡಬೇಕೆಂಬುದು ಹೆಲ್ಮೆಟ್ಟಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕೂದಲಿನ ಬಗ್ಗೆ ಇಲ್ಲೇ ಹೇಳಬೇಕು. ಕಾರ್ಟಿನ ಹಿಂದಿನ ಅಚ್ಚು, ಚೈನು ಚಾಲಕರ ಬೆನ್ನಿನ ಹಿಂದೆಯೇ ತಿರುಗುತ್ತಿರುತ್ತವೆ. 2018ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, 2020ರಲ್ಲಿ ಹೈದರಾಬಾದಿನಲ್ಲಿ ಹೀಗೆ ಕೂದಲು ಸಿಕ್ಕಿ ಇಬ್ಬರು ಹೆಣ್ಣುಮಕ್ಕಳು ಜೀವ ಕಳೆದುಕೊಂಡರು. ಉದ್ದ ಕೂದಲನ್ನು ಹೆಲ್ಮೆಟ್ಟಿನೊಳಗೆ ನೆತ್ತಿಯ ಮೇಲೆ ಗಂಟು ಕಟ್ಟುವುದೂ ಸರಿಯಲ್ಲ. ಗಂಟು ಹೆಲ್ಮೆಟ್ಟನ್ನು ಎತ್ತಿ ಹಿಡಿಯುತ್ತದೆ, ಅಳತೆ ಕೆಡುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಬಿಗಿಯಾಗಿ ಹೆಣೆದು, ಜಡೆಯನ್ನು ಅಂಗಿಯ ಕಾಲರಿನೊಳಗೆ ಇಳಿಸಿ, ಮೇಲೆ ತಲೆ, ಕುತ್ತಿಗೆ ಮುಚ್ಚುವ ಬಾಲಕ್ಲಾವಾ ತೊಡಬೇಕು. ಶಾಲು, ವೇಲು ಟ್ರ್ಯಾಕಿನ ಹೊರಗೇ ಇರಲಿ. ಮಿಜಾರಿನಲ್ಲೋ ಉಜಿರೆಯಲ್ಲೋ ಎಂಜಿನಿಯರಿಂಗ್ ಓದುತ್ತಾ ಕಾರ್ಟ್ ಕಟ್ಟುವ ಕನಸಿರುವವರು ಚೈನಿಗೆ, ಅಚ್ಚಿಗೆ ಪೂರ್ತಿ ಮುಚ್ಚಳ ಹಾಕದೆ ಗಾಡಿಯನ್ನು ವರ್ಕ್‌ಶಾಪಿನಿಂದ ಹೊರಗೆ ತರಲೇಬಾರದು.

ಕೊಳ್ಳುವಾಗ ಗುರುತು ಅಸಲಿಯೋ ನಕಲಿಯೋ ನೋಡಲು ದಾರಿಯುಂಟು. ಐಎಸ್‌ಐ ಗುರುತಿನ ಮೇಲೆ ಐಎಸ್ 4151 ಎಂದೂ ಕೆಳಗೆ ಸಿಎಂ/ಎಲ್ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾರದ್ದೆಂದು ಬರುತ್ತದೆ. ಇಸಿಇ ಹೆಲ್ಮೆಟ್ಟಿನಲ್ಲಿ ಗಲ್ಲದ ಪಟ್ಟಿಗೆ ಹೊಲಿದ ಚೀಟಿಯಲ್ಲಿ ವೃತ್ತದೊಳಗೆ ಇ, ಪಕ್ಕದಲ್ಲಿ ದೇಶದ ಅಂಕಿ, ಆಮೇಲೆ 06ರಿಂದ ಶುರುವಾಗುವ ಸಂಖ್ಯೆ. ಆ ಸಂಖ್ಯೆಯ ಬೆನ್ನಿಗೇ ಪಿ ಅಕ್ಷರವಿದ್ದರೆ ಗಲ್ಲದ ಭಾಗವೂ ಪೆಟ್ಟಿನ ಪರೀಕ್ಷೆ ಪಾಸಾಗಿದೆ. ಎನ್‌ಪಿ ಎಂದಿದ್ದರೆ ಅದು ನೋಡಲಷ್ಟೇ ಗಲ್ಲ. ಎತ್ತಿ ಮಡಚುವ ಹೆಲ್ಮೆಟ್ ಕಾರ್ಟಿಗೆ ಬೇಡವೇ ಬೇಡ.

ಬಾಡಿಗೆ ಟ್ರ್ಯಾಕಿನಲ್ಲಿ ಕೊಡುವ ಹೆಲ್ಮೆಟ್ ಎಷ್ಟು ತಲೆ ಕಂಡಿದೆಯೋ, ಎಷ್ಟು ಸಲ ನೆಲಕ್ಕೆ ಬಿದ್ದಿದೆಯೋ ಗೊತ್ತಾಗದು. ಒಳಗೆ ಕೈಹಾಕಿ ಬಟ್ಟೆಯ ಕೆಳಗಿನ ಥರ್ಮೊಕೋಲನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಎಲ್ಲಾದರೂ ಕುಳಿ ಸಿಕ್ಕಿದರೆ ಬೇರೆಯದ್ದು ಕೇಳಿ. ಪಟ್ಟಿಯ ಹೊಲಿಗೆ, ರಿವೆಟ್ಟು, ಗೀಚು ಬಿದ್ದ ವೈಸರ್ ನೋಡಿ. ಅಳತೆಯದ್ದು ಯಾವುದೂ ಇಲ್ಲವೆಂದರೆ ದುಡ್ಡು ವಾಪಸ್ ಕೇಳಲು ಸಂಕೋಚಪಡಬೇಡಿ.

ನಮ್ಮೂರಿನ ಮಳೆಗಾಲ ಹೆಲ್ಮೆಟ್ಟಿಗೆ ಒಂದು ಪರೀಕ್ಷೆಯೇ. ಜೂನಿನಿಂದ ನಾಲ್ಕು ತಿಂಗಳು ಒಳಬಟ್ಟೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ, ಪಟ್ಟಿಯ ಬಳೆಗೆ ತುಕ್ಕು ಬರುತ್ತದೆ. ಒಣಗಲೆಂದು ಬಚ್ಚಲ ಒಲೆಯ ಪಕ್ಕ ಇಡುವ ರೂಢಿ ಬೆಳ್ತಂಗಡಿ ಕಡೆಯ ಮನೆಗಳಲ್ಲಿ ಕಂಡಿದ್ದೇನೆ. ಥರ್ಮೊಕೋಲ್ ಬಿಸಿಗೆ ಕುಗ್ಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಬಟ್ಟೆ ಬಿಚ್ಚುವಂಥದ್ದಾದರೆ ಅದನ್ನಷ್ಟೇ ತೊಳೆದು ಫ್ಯಾನಿನ ಕೆಳಗೆ ಹರಡಿ. ಚಿಪ್ಪನ್ನು ಪೆಟ್ರೋಲಿನಲ್ಲಿ, ಥಿನ್ನರಿನಲ್ಲಿ ಒರೆಸಬೇಡಿ. ಪಾಲಿಕಾರ್ಬೊನೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ರೇಸಿನವರ ಹಾಗೆ ಬಣ್ಣ ಹೊಡೆಸುವ ಆಸೆಯೂ ಅದೇ ಕಾರಣಕ್ಕೆ ಅಪಾಯದ್ದು. ಬೈಕಿನ ಕನ್ನಡಿಗೆ ಸಿಕ್ಕಿಸಿ ಇಟ್ಟರೆ ಕನ್ನಡಿಯ ತುದಿ ಥರ್ಮೊಕೋಲಿನಲ್ಲಿ ಗುಳಿ ಮಾಡುತ್ತದೆ. ಏನೂ ಆಗದಿದ್ದರೂ ಐದು ವರ್ಷಕ್ಕೆ ಬದಲಿಸಿ ಎಂಬುದು ಸ್ನೆಲ್‌ನವರ ಸಲಹೆ. ತಯಾರಾದ ತಿಂಗಳು ಒಳಗಿನ ಚೀಟಿಯಲ್ಲಿದೆ.

ತಲೆ ಒಳಗಿದ್ದಾಗ ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ಟಿನ ಕೆಲಸ ಮುಗಿಯಿತು, ಮೇಲೆ ಗೀಚು ಮಾತ್ರ ಇದ್ದರೂ ಸರಿ. ಜಜ್ಜಿದ ಜಾಗದಲ್ಲಿ ಇನ್ನೊಂದು ಪೆಟ್ಟಿಗೆ ಕೊಡಲು ಅದರಲ್ಲಿ ಏನೂ ಉಳಿದಿಲ್ಲ. ಗುಜರಿಗೆ ಹಾಕುವ ಮೊದಲು ಕತ್ತರಿ ತೆಗೆದುಕೊಂಡು ಗಲ್ಲದ ಪಟ್ಟಿಯನ್ನು ಎರಡೂ ಬದಿ ಬುಡದಲ್ಲಿ ಕತ್ತರಿಸಿ, ಒಳಗಿನ ಥರ್ಮೊಕೋಲನ್ನು ಕಿತ್ತು ಮುರಿದುಹಾಕಿ. ಇಲ್ಲದಿದ್ದರೆ ಯಾರೋ ಅದನ್ನು ತೊಳೆದು ರಸ್ತೆಬದಿಯಲ್ಲಿ ಮಾರಲಿಕ್ಕಿಡುತ್ತಾರೆ, ಕೊಂಡವನು ನಂಬಿ ತೊಡುತ್ತಾನೆ.